ಎರಡು ಹಲಗೆಗಳ ರೈಲು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ ಅಂತ ಈ ಸಲ ಕೇಳುವುದಿಲ್ಲ. ನಿನ್ನ ಮಗಳು ದಿನಾ ಫೋನಿನಲ್ಲಿ ಹೇಳುತ್ತಾಳೆ. ನಾನು ಚೆನ್ನಾಗಿದ್ದೇನೆ ಅಂತಲೂ ಬರೆಯುವುದಿಲ್ಲ, ಸುಳ್ಳಾಗುತ್ತದೆ. ಮೇಲೆ 'ತಮ್ಮಾ' ಅಂತ ಬರೆದಿದ್ದೇನೆ, ಗಮನಿಸು. ಇಷ್ಟು ವರ್ಷ ಪ್ರತಿ ಕಾಗದವನ್ನೂ 'ಪ್ರೀತಿಯ ಮೊಳೆ' ಅಂತ ಶುರು ಮಾಡುತ್ತಿದ್ದೆ. ಅಪ್ಪ ಇಟ್ಟ ಹೆಸರು, ಎಲ್ಲರ ಬಾಯಲ್ಲೂ ಉಳಿದುಬಿಟ್ಟಿತು. ನೀನು ಸಣಕಲಾಗಿದ್ದೆಯಲ್ಲ, ಅದಕ್ಕೆ ಮೊಳೆ ಅನ್ನುತ್ತಾರೆ ಅಂತ ನಿನ್ನ ಹೆಂಡತಿ ಸಾಯುವವರೆಗೂ ನಂಬಿದ್ದಳು. ನಿನ್ನ ಮಗಳೂ ಹಾಗೇ ನಂಬಿದ್ದಾಳೆ. ಇನ್ನು ಮೇಲೆ ನಾನು ಆ ಹೆಸರು ಕರೆಯುವುದಿಲ್ಲ.

ಮಗಳೇ, ಇದನ್ನು ಓದಿ ಹೇಳುವವಳು ನೀನೇ. ಅತ್ತೆಯ ಅಕ್ಷರ ಕೋಳಿ ಕಾಲು ಅಂತ ಬೈದುಕೊಂಡಾದರೂ ಪೂರ್ತಿ ಓದು. ಅಪ್ಪನ ಬಲಗಿವಿಯ ಕಡೆ ಕೂತು ಓದು. ಎಡಗಿವಿಯನ್ನು ಅವನು ಜೀವನವಿಡೀ ರಿಪೇರಿ ಮಾಡಿದ ಲಿಫ್ಟಿನ ಮೋಟಾರುಗಳು ಯಾವತ್ತೋ ತಿಂದುಹಾಕಿವೆ. ಮಧ್ಯದಲ್ಲಿ ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಓದುವುದನ್ನು ಮಾತ್ರ ನಿಲ್ಲಿಸಬೇಡ.

ತಮ್ಮಾ, ನಿನ್ನ ಆಟದ ರೈಲಿನ ಹಲಗೆ ಗುರುವಾರ ನಮ್ಮ ಮನೆಗೆ ಬಂದು ತಲುಪಿತು. ನಿನ್ನ ಮಗಳು ಅದನ್ನು ಎರಡು ಕಂಬಳಿಯಲ್ಲಿ ಸುತ್ತಿ, ಬಾಡಿಗೆ ವ್ಯಾನಿನ ಹಿಂದೆ ಮಲಗಿಸಿಕೊಂಡು, ದಾರಿಯುದ್ದಕ್ಕೂ ಪಕ್ಕದಲ್ಲೇ ಕೂತು ತಂದಳಂತೆ. ಬಾಗಿಲು ತೆಗೆದ ನಿನ್ನ ಭಾವ, ಅದು ಹಾಸಿಗೆ ಅಂದುಕೊಂಡು, ಹುಡುಗಿ ಇಲ್ಲೇ ಉಳಿಯಲು ಬಂದಳು ಅಂತ ಖುಷಿಪಟ್ಟರು. ಕಂಬಳಿ ಬಿಚ್ಚಿದ ಮೇಲೆ ಅವರ ಮುಖ ಸಪ್ಪಗಾಯಿತು. ನನ್ನ ಹಲಗೆಯೇ ಒಂದು ವರ್ಷದಿಂದ ಊಟದ ಮೇಜಿನ ಮೇಲೆ ಠಿಕಾಣಿ ಹೂಡಿದೆ. ಈಗ ಎರಡನೆಯದೂ ಬಂತು, ಇನ್ನು ನಾವಿಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡೇ ಮುದುಕರಾಗಬೇಕು ಅಂತ ಗೊಣಗಿದರು. ಮುದುಕರಾಗಿ ಎಷ್ಟೋ ಕಾಲವಾಯಿತು ಅನ್ನುವುದು ಅವರಿಗೆ ಮರೆತಿದೆ.

ಮೊದಲನೇ ಸಲ ಲಕ್ವ ಹೊಡೆಯುವ ಹತ್ತು ದಿನ ಮೊದಲೇ ನೀನು ಕೆಲಸ ಮುಗಿಸಿ, ಮೂಲೆಯಲ್ಲಿ ಚೀಟಿ ಅಂಟಿಸಿದ್ದೆಯಂತೆ: 'ಅಕ್ಕ ನೋಡಬೇಕು.' ಅದಕ್ಕೇ ತಂದಳು. ನೀನೇ ತಂದು, ಎರಡು ಹಲಗೆ ಸೇರಿಸಿ, ಮೊದಲನೇ ರೈಲನ್ನು ನೀನೇ ಓಡಿಸುವುದು ಅಂತ ನಮ್ಮ ಒಪ್ಪಂದವಿತ್ತು.

ನೀನು ಇದನ್ನು ಶುರು ಮಾಡಿದ್ದು ನಿನ್ನ ಹೆಂಡತಿ ತೀರಿಕೊಂಡ ವರ್ಷ. ಒಂದು ದಪ್ಪ ಲಕೋಟೆ ಬಂತು. ಒಳಗೆ ಗ್ರಾಫ್ ಹಾಳೆ, ಅದರ ಮೇಲೆ ನಿನ್ನ ಚೂಪು ಪೆನ್ಸಿಲಿನ ಗೆರೆಗಳು. ಅಪ್ಪ ಗೇಟ್‌ಕೀಪರ್ ಆಗಿದ್ದ ಆ ರೈಲ್ವೆ ಗೇಟು, ಹಳಿಯ ಪಕ್ಕದ ನಮ್ಮ ಎರಡು ಕೋಣೆಯ ಗೇಟುಮನೆ, ಕೆಳಗೆ ಮೋರಿ, ಆಚೆ ಗುಡ್ಡ. ಎಂಬತ್ತೇಳು ಅಡಿಗೆ ಒಂದಡಿಯಂತೆ ಇಳಿಸಿ ಅದನ್ನೆಲ್ಲ ಮತ್ತೆ ಕಟ್ಟೋಣ ಅಂತ ಬರೆದಿದ್ದೆ. ನಾನು ಬಿದ್ದು ಬಿದ್ದು ನಕ್ಕೆ. ಅರವತ್ತು ದಾಟಿದ ಮೇಲೆ ಇವನಿಗೆ ಆಟದ ರೈಲಿನ ಹುಚ್ಚು ಹಿಡಿಯಿತು ಅಂದೆ. ಅರ್ಧ ನಿನ್ನದು, ಅರ್ಧ ನನ್ನದು ಅಂತ ನೀನೇ ಪಾಲು ಮಾಡಿದ್ದೆ. ನನಗೆ ಗುಡ್ಡ, ಸುರಂಗ, ಮೋರಿ, ಹಳಿಯ ಪಕ್ಕದಲ್ಲೇ ಬರುವ ಡಾಂಬರು ರಸ್ತೆ. ನಿನಗೆ ಆ ರಸ್ತೆ ಹಳಿ ದಾಟುವ ಜಾಗ, ಗೇಟು, ಮನೆ. ಗೇಟು ನನ್ನ ಪಾಲಿಗೆ ಬರಲಿಲ್ಲ ಅಂತ ನನಗೆ ಎಷ್ಟು ಹಗುರವಾಯಿತು ಗೊತ್ತೇ?

ಮೂವತ್ತೆಂಟು ವರ್ಷ ಹಲ್ಲಿನ ಸೆಟ್ಟು ಮಾಡಿದ ಕೈ ನನ್ನದು. ಪ್ಲಾಸ್ಟರು, ಮೇಣ, ಸಣ್ಣ ಗರಗಸ ಎಲ್ಲ ಮನೆಯಲ್ಲೇ ಇತ್ತು. ಹಳೆಯ ಪೇಪರು ಮುದುಡಿ ಗುಡ್ಡದ ಆಕಾರ ಮಾಡಿದೆ, ಮೇಲೆ ಬ್ಯಾಂಡೇಜು ಬಟ್ಟೆಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಹೊದಿಸಿದೆ. ಹಳಿಯ ಕೆಳಗಿನ ಜಲ್ಲಿಗೆ ಕಲ್ಲುಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಅದೇ ಜಾಲರಿಯಲ್ಲಿ ಮಾರನೇ ದಿನ ಟೀ ಸೋಸಿದೆ. ನಿನ್ನ ಭಾವ ಒಂದು ಗುಟುಕು ಕುಡಿದು, ಎದ್ದು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬಂದರು. ಸುರಂಗದ ಬಾಯಿಯ ಒಳಗೆ ಒಂದು ಕಡೆ ಬಣ್ಣ ಸಾಲದೆ ಹಲ್ಲಿನ ಸೆಟ್ಟಿನ ವಸಡಿಗೆ ಹಾಕುವ ಗುಲಾಬಿ ಬಣ್ಣ ಬಳಿದಿದ್ದೇನೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಎರಡು ವರ್ಷದಲ್ಲಿ ನಾವು ಬರೆದುಕೊಂಡಷ್ಟು ಕಾಗದ ಹಿಂದಿನ ಇಪ್ಪತ್ತು ವರ್ಷದಲ್ಲಿ ಬರೆದಿರಲಿಲ್ಲ. ಮನೆಯ ಗೋಡೆ ಹಳದಿ ಅಂತ ನಾನು, ಬೂದು ಅಂತ ನೀನು, ಅದರ ಮೇಲೆಯೇ ನಾಲ್ಕು ಕಾಗದ ಹೋಯಿತು. ಮೆಟ್ಟಿಲು ಮೂರೋ ನಾಲ್ಕೋ, ಅಮ್ಮ ಬಟ್ಟೆ ಒಣಹಾಕುವ ತಂತಿ ಯಾವ ಕಡೆ, ನೀರಿನ ಪಂಪು ರಸ್ತೆಯ ಆಚೆಯೋ ಈಚೆಯೋ. ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆದೆ. ಒಂದಕ್ಕೆ ಮಾತ್ರ ಬರೆಯಲಿಲ್ಲ.

ಕೋಣೆಯ ಗೋಡೆಯಲ್ಲಿ ಗೇಟಿನ ಕೀಲಿ ತೂಗುಹಾಕುವ ಮೊಳೆ ಎಷ್ಟು ಎತ್ತರದಲ್ಲಿತ್ತು ಅಂತ ನೀನು ಕೇಳಿದ್ದೆ. ನಾನು ಜಲ್ಲಿಯ ವಿಷಯ ಬರೆದೆ. ಎರಡನೇ ಸಲ ನೀನು, ಮೊಳೆಯ ವಿಷಯ ಬರೆಯಲು ಮರೆತಿರಬೇಕು ಅಕ್ಕಾ, ಅಂತ ನೆನಪಿಸಿದೆ. ನಾನು ನಿನ್ನ ಭಾವನ ಮಂಡಿನೋವಿನ ಬಗ್ಗೆ ಎರಡು ಪುಟ ಬರೆದೆ. ಮೂರನೇ ಸಲ ಬರೀ ಒಂದು ಕಾರ್ಡು ಬಂತು, ಒಂದೇ ಸಾಲು. ನನ್ನ ಕೈಗೆ ಆ ಮೊಳೆ ಎಟುಕುತ್ತಿತ್ತಾ ಅಕ್ಕಾ, ಅಂತ. ಅದಕ್ಕೆ ನಾನು ಉತ್ತರವನ್ನೇ ಬರೆಯಲಿಲ್ಲ. ಲಿಫ್ಟಿನವನಿಗೆ ಅಳತೆಯ ಹುಚ್ಚು, ಅದಕ್ಕೇ ಕೇಳುತ್ತಿದ್ದಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ತಿಂಗಳಿಗೆ ಲಕ್ವ ಹೊಡೆದು ನೀನು ಬಚ್ಚಲಿನಲ್ಲಿ ಬಿದ್ದೆ.

ಎಟುಕುತ್ತಿರಲಿಲ್ಲ ತಮ್ಮಾ. ಆಗ ನಿನಗೆ ಹತ್ತು ವರ್ಷ. ತುದಿಗಾಲಲ್ಲಿ ನಿಂತರೂ ಒಂದು ಗೇಣು ಕಡಿಮೆ ಬೀಳುತ್ತಿತ್ತು. ಹದಿಮೂರು ವರ್ಷದ ನನಗೆ ಎಟುಕುತ್ತಿತ್ತು.

ಮಗಳೇ, ಇಲ್ಲಿಂದ ನಿಧಾನವಾಗಿ ಓದು. ಇದು ನಿನಗೆ ಯಾರೂ ಹೇಳದ ಕಥೆ.

ನಿನ್ನ ತಾತನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗೇಟು ತೆರೆದಿದ್ದಾಗ ಕೀಲಿ ಗೇಟುಕಂಬದ ಬೀಗದಲ್ಲೇ ಇರಬೇಕು. ಗೇಟು ಮುಚ್ಚಿ ಬೀಗ ಹಾಕಿದವರು ಕೀಲಿಯನ್ನು ತಂದು ಗೋಡೆಯ ಮೊಳೆಗೆ ಹಾಕಬೇಕು. ಅಪ್ಪನಾಗಲಿ ಅಮ್ಮನಾಗಲಿ, ಯಾರೇ ಮುಚ್ಚಲಿ, ಹೀಗೇ ಮಾಡಬೇಕು. ಆಗ ಹೊರಗೆ ಹೋಗಿ ನೋಡಬೇಕಾಗಿರಲಿಲ್ಲ. ಮೊಳೆಯ ಮೇಲೆ ಕೀಲಿ ಇದ್ದರೆ ಗೇಟು ಮುಚ್ಚಿದೆ. ಇಲಾಖೆಯ ಪುಸ್ತಕದಲ್ಲಿ ಹೀಗೆ ಇರಲಿಲ್ಲವಂತೆ, ಅಪ್ಪನೇ ಮಾಡಿಕೊಂಡಿದ್ದ ಪದ್ಧತಿ. ಹದಿನೈದು ವರ್ಷ ಅದು ಒಂದು ಸಲವೂ ತಪ್ಪಿರಲಿಲ್ಲ.

ಆ ದಿನ ಬೆಳಿಗ್ಗೆ ಅಪ್ಪನ ಪಾಳಿ ಮುಗಿದಿದ್ದರೂ ಬದಲಿಯವನು ಬಂದಿರಲಿಲ್ಲ. ಹಿಂದಿನ ಸಂಜೆಯಿಂದ ನಿಂತ ಕಾಲು ನಡುಗುತ್ತಿತ್ತು. ಐದು ನಿಮಿಷ ಅಂತ ಮಂಚದ ಮೇಲೆ ಬಿದ್ದುಕೊಂಡ. ಅಮ್ಮ ಹಿಂದಿನ ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ಪಂಪಿನಿಂದ ನೀರು ತರುತ್ತಿದ್ದೆ. ಗೇಟು ತೆರೆದಿತ್ತು. ಬೀಗದಲ್ಲಿ ಕೀಲಿ, ಕೀಲಿಗೆ ಕಟ್ಟಿದ ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಗೇಟಿನ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ನಂಬರು ಮೂಡುತ್ತದೆ ಅಂತ ಗೆಳತಿಯೊಬ್ಬಳು ಹೇಳಿದ್ದಳು. ಕೀಲಿ ಕಿತ್ತುಕೊಂಡು ಒಳಗೆ ಬಂದೆ, ನಮ್ಮ ಸ್ಲೇಟು ಇಡುವ ಮರದ ಪೆಟ್ಟಿಗೆಯ ಮೇಲಿಟ್ಟು ಉಜ್ಜಿದೆ. ಚೆನ್ನಾಗಿ ಮೂಡಿತು. ಅಷ್ಟರಲ್ಲಿ ಅಮ್ಮ ನೀರಿಗೆ ಕೂಗಿದಳು. ನಾನು ಎದ್ದೆ, ಕೀಲಿಯನ್ನು ಮೊಳೆಗೆ ಹಾಕಿದೆ, ಓಡಿದೆ.

ಯೋಚಿಸಿ ಹಾಕಿದ್ದಲ್ಲ. ಹುಟ್ಟಿದಾಗಿನಿಂದ ಮನೆಯೊಳಗೆ ಬಂದ ಕೀಲಿ ಮೊಳೆಗೇ ಹೋಗುವುದನ್ನು ನೋಡಿದ್ದೆ. ಕೈ ತಾನಾಗಿ ಹೋಯಿತು.

ಆಮೇಲೆ ಸ್ಟೇಷನ್ನಿನಿಂದ ಫೋನು ಬಂತು, ರೈಲು ಬಿಟ್ಟಿದೆ ಅಂತ. ಫೋನು ಮಂಚದ ಪಕ್ಕದಲ್ಲೇ. ಅಪ್ಪ ಮಲಗಿದ್ದಲ್ಲಿಂದಲೇ ನಿನ್ನನ್ನು ಕೇಳಿದ, ತಮ್ಮಾ.

"ಕೀಲಿ ಮೊಳೆ ಮೇಲಿದೆಯೇನೋ?"

"ಇದೆ" ಅಂದೆ ನೀನು.

ಅಮ್ಮ ಗೇಟು ಮುಚ್ಚಿದ್ದಾಳೆ ಅಂತ ಅಪ್ಪ ಅಂದುಕೊಂಡ. ಗೇಟು ಮುಚ್ಚಿದೆ ಅಂತ ಫೋನಿನಲ್ಲಿ ಹೇಳಿ ಮಗ್ಗುಲಾದ. ಗುಡ್ಡದ ತಿರುವಿನಿಂದಾಗಿ ರಸ್ತೆಯಲ್ಲಿ ಬರುವವರಿಗೆ ರೈಲು ಕಾಣುತ್ತಿರಲಿಲ್ಲ. ಬ್ರೆಡ್ಡಿನವನು ದಿನದಂತೆ ಸೈಕಲ್ಲಿನಲ್ಲಿ ಬಂದ. ಪಾಂ ಪಾಂ ಅಂತ ಹಾರ್ನ್ ಒತ್ತಿದ್ದು ನನಗೆ ಹಿತ್ತಲಲ್ಲಿ ಕೇಳಿಸಿತು. ದಿನಾ ನಮ್ಮಿಬ್ಬರಿಗೂ ಮುರಿದ ಬನ್ನು ಕೊಡುತ್ತಿದ್ದನಲ್ಲ, ಅದಕ್ಕೆ ಬಕೆಟ್ಟು ಬಿಟ್ಟು ಓಡಿಬಂದೆ.

ಹಳಿಯ ಮೇಲೆ ಅವನಿಗೆ ಆದದ್ದನ್ನು ನಾನು ಬರೆಯುವುದಿಲ್ಲ. ನೀನು ನೋಡಿದ್ದೀಯ.

ವಿಚಾರಣೆಗೆ ಬಂದವರು ನೋಡಿದಾಗ ಗೇಟು ತೆರೆದಿದೆ, ಕೀಲಿ ಮೊಳೆಯ ಮೇಲಿದೆ. ಅಮ್ಮ ಮುಟ್ಟಿಲ್ಲ ಅಂದಳು. ನಾನು ನೀರಿಗೆ ಹೋಗಿದ್ದೆ ಅಂದೆ. ನೀನೂ ಮುಟ್ಟಿಲ್ಲ ಅಂದೆ. ಹುಡುಗ ಆಟಕ್ಕೆ ತೆಗೆದಿದ್ದಾನೆ, ಸ್ಲೇಟಿನ ಪೆಟ್ಟಿಗೆ ಹತ್ತಿ ಮೊಳೆಗೆ ಹಾಕಿದ್ದಾನೆ ಅಂತ ದೊಡ್ಡವರೇ ತೀರ್ಮಾನ ಮಾಡಿದರು. ಪೆಟ್ಟಿಗೆ ಮೊಳೆಯ ಕೆಳಗೇ ಇತ್ತಲ್ಲ. ಕಾಗದ ಉಜ್ಜಲು ಅದನ್ನು ಅಲ್ಲಿಗೆ ಎಳೆದವಳು ನಾನು. ಆ ಸಂಜೆ ಅಪ್ಪ ಬೆಲ್ಟು ತೆಗೆದುಕೊಂಡಾಗ ನೀನು ಅಳುತ್ತಾ ನನ್ನನ್ನೇ ನೋಡುತ್ತಿದ್ದೆ. ಬಂದು ಬಿಡಿಸು ಅಂತ ನೋಡುತ್ತಿದ್ದಾನೆ ಅಂದುಕೊಂಡೆ. ನಾನು ಕಾಗದದ ಚೂರನ್ನು ಬಾಯಲ್ಲಿ ಹಾಕಿಕೊಂಡು ಅಗಿದು ನುಂಗಿದೆ, ಆ ನಂಬರು ಮೂಡಿದ ಕಾಗದವನ್ನು.

ಅಪ್ಪನ ಕೆಲಸ ಹೋಯಿತು, ಮನೆ ಹೋಯಿತು. ಅವತ್ತಿನಿಂದ ನೀನು ಮೊಳೆ. ಉಪ್ಪು ಎಲ್ಲಿದೆ ಅಂತ ನೀನು ಹೇಳಿದರೂ ಅಪ್ಪ ಇನ್ನೊಬ್ಬರನ್ನು ಕೇಳುತ್ತಿದ್ದ. ಸಾಯುವಾಗ ಅಮ್ಮ ನನ್ನ ಕೈ ಹಿಡಿದು, ಅವನು ಒಂದೇ ಒಂದು ಸಲ ಒಪ್ಪಿಕೊಂಡಿದ್ದರೆ ಸಾಕಿತ್ತು ಅಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಭಯ ಅನ್ನಬೇಡ. ಭಯ ಮೊದಲ ಹತ್ತು ದಿನ ಇತ್ತು. ಆಮೇಲಿದ್ದದ್ದು ಅನುಕೂಲ. ನಾನು ಮನೆಯ ಒಳ್ಳೆಯ ಮಗಳಾಗಿದ್ದೆ, ಹಾಗೇ ಇರುವುದು ಅನುಕೂಲವಾಗಿತ್ತು. ನೀನು ಲಿಫ್ಟಿನ ಬಾಗಿಲು ಮುಚ್ಚಿದೆಯಾ ಅಂತ ಮೂರು ಮೂರು ಸಲ ಎಳೆದು ನೋಡುತ್ತೀಯ, ಜೊತೆ ಕೆಲಸದವರು ನಗುತ್ತಾರೆ ಅಂತ ನಿನ್ನ ಹೆಂಡತಿ ಹೇಳಿದಾಗ ನಾನೂ ನಕ್ಕಿದ್ದೆ.

ಇದನ್ನು ನೀನು ಕೇಳಿಸಿಕೊಳ್ಳಬಲ್ಲ ಕಾಲದಲ್ಲಿ ಹೇಳಬೇಕಿತ್ತು. ಈಗ ಕೇಳಿಸುತ್ತದೋ ಇಲ್ಲವೋ ಡಾಕ್ಟರಿಗೇ ಗೊತ್ತಿಲ್ಲ. ಎರಡನೇ ಸಲದ ಲಕ್ವದ ಮೇಲೆ ನಿನಗೆ ಉಳಿದಿರುವುದು ಒಂದೇ ಮಾತು ಅಂತ ನಿನ್ನ ಮಗಳು ಗುರುವಾರ ಹೇಳಿದಳು. ನೋವಿದೆಯಾ ಅಂದರೆ ಇದೆ. ಹಸಿವಿದೆಯಾ ಅಂದರೆ ಇದೆ. ನಾನ್ಯಾರು ಅಂದರೂ ಇದೆ. ಏನಿದೆ ಅತ್ತೆ, ಅಪ್ಪ ಯಾವುದನ್ನು ಇದೆ ಅಂತಿದ್ದಾರೆ, ಅಂತ ಕೇಳಿ ಅತ್ತಳು. ನಾನು ಗೊತ್ತಿಲ್ಲ ಅಂದೆ. ಅಲ್ಲೂ ಸುಳ್ಳು ಹೇಳಿದೆ, ನೋಡು. ಅವಳು ಹೋದ ಮೇಲೆ ಮೂರು ದಿನ ಈ ಕಾಗದವನ್ನು ಮನಸ್ಸಿನಲ್ಲೇ ಬರೆದೆ.

ನೀನು ಅವತ್ತು ನಿಜ ಹೇಳಿದ್ದೆ ತಮ್ಮಾ. ಕೀಲಿ ಮೊಳೆಯ ಮೇಲಿತ್ತು. ಸುಳ್ಳಾಗಿದ್ದದ್ದು ಕೀಲಿ, ನೀನಲ್ಲ. ಈ ಒಂದು ಸಾಲು ನಿನ್ನೊಳಗೆ ಹೋದರೆ ಸಾಕು, ಬೇರೆಲ್ಲ ಬಿಟ್ಟುಹೋಗಲಿ.

ನಿನ್ನೆ ಎರಡು ಹಲಗೆ ಸೇರಿಸಿದೆ. ಸೇರಲಿಲ್ಲ. ನೀನು ಹಳಿಯ ಎತ್ತರವನ್ನು ಅದರ ತಲೆಯವರೆಗೆ ಅಳೆದಿದ್ದೀಯ, ನಾನು ಬುಡದವರೆಗೆ. ನನ್ನ ಕಡೆ ಎರಡೂವರೆ ಮಿಲಿಮೀಟರ್ ಎತ್ತರ. ಹಲ್ಲಿನ ಸೆಟ್ಟಿನಲ್ಲಿ ಇಷ್ಟು ವ್ಯತ್ಯಾಸ ಬಂದರೆ ಗಿರಾಕಿ ಬಾಯಿ ತೆರೆದುಕೊಂಡೇ ವಾಪಸು ಬರುತ್ತಾನೆ. ತಪ್ಪು ನನ್ನದೇ, ನಿನ್ನ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಕತ್ತರಿಸಿ ನಿನ್ನ ಹಲಗೆಯ ಕೆಳಗೆ ಕೊಟ್ಟೆ. ನಿನ್ನ ಭಾವ ವೈರು ಹಿಡಿದುಕೊಂಡರು, ನಾನು ಗುಂಡಿ ತಿರುಗಿಸಿದೆ. ರೈಲು ಸುರಂಗದಿಂದ ಬಂತು, ಮೋರಿ ದಾಟಿತು, ಸೇರಿಸಿದ ಜಾಗದಲ್ಲಿ ಒಮ್ಮೆ ತಡವರಿಸಿತು, ನಿನ್ನ ಕಡೆಗೆ ಹೋಯಿತು. ನಿನ್ನ ಗೇಟು ತೆರೆದಿತ್ತು. ಮುಚ್ಚಲು ನೋಡಿದೆ, ಬರಲಿಲ್ಲ. ಅಂಟು ಹಾಕಿ ತೆರೆದೇ ನಿಲ್ಲಿಸಿದ್ದೀಯ. ಅಷ್ಟು ಸೊಗಸಾಗಿ ಮಾಡಿದವನು ಅದನ್ನು ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಹೇಳುವ ಸ್ಥಿತಿಯಲ್ಲಿ ನೀನಿಲ್ಲ.

ನನ್ನ ರಸ್ತೆಯ ಮೇಲೆ ಯಾರೂ ಇಲ್ಲ. ಒಂದು ಸೈಕಲ್ಲು ಮಾಡಿ ಇಟ್ಟುಕೊಂಡಿದ್ದೇನೆ, ಹಲ್ಲಿನ ತಂತಿಯದು. ಅಂಟಿಸಲು ಕೈ ಬರಲಿಲ್ಲ, ಡಬ್ಬಿಯಲ್ಲೇ ಇದೆ.

ಗೋಡೆಗೆ ನೀನು ಕೊನೆಗೂ ಹಳದಿ ಬಣ್ಣವನ್ನೇ ಹಚ್ಚಿದ್ದೀಯ. ನಾಲ್ಕು ಕಾಗದ ಜಗಳವಾಡಿ, ಗೆದ್ದವಳು ನಾನು ಅಂತ ಹೇಳದೆಯೇ ಸೋತುಬಿಟ್ಟಿದ್ದೀಯ. ಮನೆಯ ಛಾವಣಿ ಮಾತ್ರ ಸಡಿಲ, ವ್ಯಾನಿನ ಕುಲುಕಾಟಕ್ಕೆ ಬಿಟ್ಟಿರಬೇಕು. ನಾಳೆ ಎರಡು ಹನಿ ಅಂಟು ಹಾಕಿ ಕೂರಿಸುತ್ತೇನೆ. ಆಮೇಲೆ ಕಾಗದ ಅಂಚೆಗೆ ಹಾಕುತ್ತೇನೆ. ಮುಂದಿನ ವಾರ ಬಂದು ನಿನ್ನ ಮುಂದೆ ಕೂರುತ್ತೇನೆ. ನೀನು ಮುಖ ತಿರುಗಿಸಿದರೆ, ತಿರುಗಿಸುವ ಶಕ್ತಿ ಬಂತಲ್ಲ ಅಂತ ಸಂತೋಷಪಡುತ್ತೇನೆ.

ಕ್ಷಮಿಸು ಅಂತ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ನಿನ್ನ
ಅಕ್ಕ

ಮರೆತ ಮಾತು — ಸೋಮವಾರ ಬೆಳಿಗ್ಗೆ

ತಮ್ಮಾ, ಅಂಟು ಹಾಕಲು ಛಾವಣಿ ಎತ್ತಿದೆ. ಅದು ಬಿಟ್ಟದ್ದಲ್ಲ. ಎತ್ತಿ ನೋಡಲಿ ಅಂತಲೇ ನೀನು ಅಂಟಿಸದೆ ಇಟ್ಟದ್ದು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ನೋಡಿದೆ. ಮಂಚದ ಮೇಲೆ ಅಪ್ಪ, ಗೋಡೆಯ ಕಡೆಗೆ ಮುಖ. ಸ್ಲೇಟಿನ ಪೆಟ್ಟಿಗೆ. ಅದರ ಪಕ್ಕದಲ್ಲಿ ಎರಡು ಜಡೆಯ ಹುಡುಗಿ, ಕೈ ಮೇಲೆತ್ತಿ, ಸಾಸಿವೆಗಿಂತ ಸಣ್ಣ ಬಿಲ್ಲೆ ಕಟ್ಟಿದ ಕೀಲಿಯನ್ನು ಮೊಳೆಗೆ ಹಾಕುತ್ತಿದ್ದಾಳೆ. ಒಳಬಾಗಿಲಲ್ಲಿ ಚಡ್ಡಿ ಹಾಕಿದ ಹುಡುಗ ನಿಂತು ಅವಳನ್ನು ನೋಡುತ್ತಿದ್ದಾನೆ.

ನೀನು ನೋಡಿದ್ದೆ. ಕೀಲಿ ಹಾಕಿದವಳು ಅಕ್ಕ, ಅಂದಮೇಲೆ ಗೇಟು ಮುಚ್ಚಿಯೇ ಇದೆ ಅಂತ ನಂಬಿ ನೀನು ಇದೆ ಅಂದದ್ದು. ಬೆಲ್ಟಿನ ಏಟು ಬೀಳುವಾಗ ನನ್ನನ್ನು ನೋಡುತ್ತಿದ್ದದ್ದು ಬಿಡಿಸು ಅಂತ ಅಲ್ಲ. ಐವತ್ತಕ್ಕೂ ಹೆಚ್ಚು ವರ್ಷ ನೀನು ಯಾರಿಗೂ ಹೇಳಲಿಲ್ಲ, ನಾನೇ ಹೇಳಲಿ ಅಂತ ಮೂರು ಸಲ ಕೇಳಿದೆ, ನಾನು ಮಂಡಿನೋವಿನ ಬಗ್ಗೆ ಬರೆದೆ.

ಮಗಳೇ, ಓದಿ ಮುಗಿಸಿದ ಮೇಲೆ ಸುಮ್ಮನೆ ಅಪ್ಪನ ಪಕ್ಕದಲ್ಲಿ ಕೂತಿರು. ಅಕ್ಕನ ಮೇಲೆ ಸಿಟ್ಟು ಇದೆಯಾ ಅಂತ ಕೇಳಬೇಡ, ಇದೆ ಅನ್ನುತ್ತಾನೆ. ಕ್ಷಮೆ ಇದೆಯಾ ಅಂತಲೂ ಕೇಳಬೇಡ. ಅದಕ್ಕೂ ಇದೆ ಅಂತಲೇ ಅನ್ನುತ್ತಾನೆ.